ಬಿಸಿಲ ನಾಡಿನ ಹಿತ್ತಲಲ್ಲಿ ಕೋಳಿ ಮತ್ತು ಕೈತೋಟ

ಕೋಳಿಗೆ ಬೆವರಿನ ಗ್ರಂಥಿಗಳಿಲ್ಲ. ಅದರ ಮೈಶಾಖ ಸಹಜವಾಗಿಯೇ ಸುಮಾರು 41 ಡಿಗ್ರಿ ಸೆಲ್ಸಿಯಸ್ ಇರುವುದರಿಂದ, ಸುಡುಬಿಸಿಲಿನಲ್ಲಿ ಅದು ಕೊಕ್ಕು ತೆರೆದು ಏದುಸಿರು ಬಿಡುತ್ತ, ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದು ನಿಲ್ಲುತ್ತದೆ. ಈ ಸ್ಥಿತಿ ಬರುವ ಮೊದಲೇ ಗೂಡನ್ನು ಮರದ ನೆರಳಿನಲ್ಲಿ ಕಟ್ಟಿ, ಎದುರುಬದುರಾದ ಎರಡು ಬದಿಗಳಿಗೆ ತಂತಿಬಲೆ ಹಾಕಿ ಗಾಳಿಯಾಡುವಂತೆ ಮಾಡಬೇಕು.

ನೀರಿನ ವಿಷಯದಲ್ಲಂತೂ ಉದಾಸೀನ ಸಲ್ಲದು. ಬಿಸಿಯೇರಿದ ನೀರನ್ನು ಕೋಳಿಗಳು ಸರಿಯಾಗಿ ಕುಡಿಯುವುದಿಲ್ಲವಾದ್ದರಿಂದ, ಅಗಲವಾದ ಮಣ್ಣಿನ ಪಾತ್ರೆಗಳನ್ನು ಎರಡು ಮೂರು ಕಡೆ ನೆರಳಿನಲ್ಲಿಟ್ಟು, ಮಧ್ಯಾಹ್ನ ಒಮ್ಮೆಯಾದರೂ ನೀರು ಬದಲಿಸಬೇಕು. ಮೇವು ಜೀರ್ಣವಾಗುವಾಗಲೂ ಮೈಶಾಖ ಏರುವುದರಿಂದ ಕಾಳನ್ನು ಮುಂಜಾನೆ ಮತ್ತು ಸಂಜೆ ಮಾತ್ರ ಹಾಕುವುದು ಲೇಸು. ಬೇಸಿಗೆಯಲ್ಲಿ ಮೊಟ್ಟೆಯ ಚಿಪ್ಪು ತೆಳುವಾದರೆ ಗಾಬರಿಯಾಗಬೇಕಿಲ್ಲ. ಸತತ ಏದುಸಿರಿನಿಂದ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಚಿಪ್ಪು ಕಟ್ಟಲು ಬೇಕಾದ ವಸ್ತು ಸಾಲದೆ ಹೋಗುತ್ತದೆ. ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ತಟ್ಟೆಯಲ್ಲಿಟ್ಟರೆ ಕೋಳಿಗಳು ತಮಗೆ ಬೇಕಾದಷ್ಟು ಹೆಕ್ಕಿಕೊಳ್ಳುತ್ತವೆ.

ಹಸಿ ಹಿಕ್ಕೆಯನ್ನು ನೇರವಾಗಿ ಗಿಡದ ಬುಡಕ್ಕೆ ಸುರಿದರೆ ಅದರಲ್ಲಿನ ಸಾರಜನಕದ ಆಧಿಕ್ಯದಿಂದ ಬೇರು ಸುಟ್ಟುಹೋಗುತ್ತದೆ. ಅದನ್ನು ಒಣ ಎಲೆಗಳೊಡನೆ ಬೆರೆಸಿ, ಆಗಾಗ ತೇವಗೊಳಿಸಿ ತಿರುವುತ್ತ, ನಾಲ್ಕೈದು ತಿಂಗಳು ಕೊಳೆಯಿಸಬೇಕು. ಹಿಡಿಯಲ್ಲಿ ತೆಗೆದುಕೊಂಡಾಗ ಕಪ್ಪಾಗಿ ಪುಡಿಪುಡಿಯಾಗಿದ್ದು ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಗೊಬ್ಬರ ಹದವಾಗಿದೆಯೆಂದರ್ಥ.

ನೀರು ಆವಿಯಾಗದಂತೆ ಮಡಿಗಳ ಮೇಲೆ 5ರಿಂದ 8 ಸೆಂಟಿಮೀಟರ್ ದಪ್ಪ ಒಣಹುಲ್ಲು ಹರಡಿ, ಬೆಳಗಿನ ಹೊತ್ತು ಬುಡಕ್ಕೆ ನೀರುಣಿಸಿ. ಆದರೆ ಬೇಲಿಯಿಲ್ಲದಿದ್ದರೆ ಈ ಹುಲ್ಲನ್ನು ಕೋಳಿಗಳು ಅರ್ಧ ಗಂಟೆಯಲ್ಲಿ ಕೆದರಿ ಹಾಕುತ್ತವೆ. ನನ್ನ ಬದನೆ ಸಸಿಗಳು ಹೋದದ್ದು ಹೀಗೆಯೇ. ಕೊಯ್ಲು ಮುಗಿದ ಮಡಿಗಳಿಗೆ ಮಾತ್ರ ಅವುಗಳನ್ನು ಬಿಡಿ.