ಕರೆಗೆ ಹುಳಿ, ಜಿಡ್ಡಿಗೆ ಸೋಡಾ

ಮಂಡ್ಯದಲ್ಲಿ ನಮ್ಮದು ಬೋರ್ ನೀರಿನ ಮನೆ. ನಲ್ಲಿ, ಬಕೆಟ್, ಬಾತ್‌ರೂಂ ಟೈಲ್ಸ್ ಎಲ್ಲದರ ಮೇಲೂ ಬಿಳಿ ಕರೆ ಕಟ್ಟುತ್ತದೆ. ಬೀದಿಯವರೆಲ್ಲರ ಹಾಗೆ ನಾನೂ ಆಸಿಡ್ ಬಾಟಲಿಯನ್ನೇ ನೆಚ್ಚಿಕೊಂಡಿದ್ದೆ. ಸುರಿದರೆ ಬುಸ್ ಅಂತ ಹೊಗೆ, ಕಣ್ಣುರಿ, ಕೆಮ್ಮು. ಪಾತ್ರೆ ತೊಳೆಯಲು ಬರುವ ಅಕ್ಕನ ಬೆರಳ ಸಂದುಗಳು ಒಡೆದು ಕೆಂಪಾಗಿದ್ದವು. ಅದನ್ನು ನೋಡಿದ ಮೇಲೆ ಇದು ಸಾಕು ಅನ್ನಿಸಿತು. ಇದ್ದದ್ದನ್ನು ಎಸೆಯಲಿಲ್ಲ. ಒಂದೊಂದೇ ಬಾಟಲಿ ಮುಗಿದ ಹಾಗೆ ಮತ್ತೆ ತರೋದು ನಿಲ್ಲಿಸಿದೆ, ಅಷ್ಟೇ.

ಎಲ್ಲ ಕೊಳೆಗೂ ಒಂದೇ ಮದ್ದಿಲ್ಲ. ಬೋರ್ ನೀರಿನ ಕರೆ ಸುಣ್ಣದ ಜಾತಿ, ಹುಳಿ ತಾಗಿದರೆ ಕರಗುತ್ತದೆ. ಒಲೆ ಹಿಂದಿನ ಗೋಡೆಯ ಜಿಡ್ಡು ಹುಳಿಗೆ ಜಗ್ಗಲ್ಲ, ಅದಕ್ಕೆ ಸೋಡಾನೇ ಬೇಕು. ಸುಮಾರು ವಿಡಿಯೋಗಳಲ್ಲಿ ಅಡುಗೆ ಸೋಡಾಗೆ ವಿನೆಗರ್ ಸುರಿದು ನೊರೆ ಉಕ್ಕಿಸುತ್ತಾರೆ. ನೋಡಲು ಚೆಂದ. ಆದರೆ ಹುಳಿ ಸೋಡಾವನ್ನು ಕೊಲ್ಲುತ್ತದೆ, ಸೋಡಾ ಹುಳಿಯನ್ನು ಕೊಲ್ಲುತ್ತದೆ. ಕೊನೆಗೆ ಉಳಿಯೋದು ಒಂದು ಬಗೆಯ ಉಪ್ಪಿನ ನೀರು. ಬೇರೆ ಬೇರೆ ಬಳಸಿದರೆ ಎರಡೂ ಚೆನ್ನಾಗಿ ದುಡಿಯುತ್ತವೆ.

ನಲ್ಲಿಗೆ ನಾನು ಮಾಡೋದು ಹೀಗೆ. ಕಾಲು ಲೀಟರ್ ಬಿಸಿ ನೀರಿಗೆ ಎರಡು ಚಮಚ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲದ ಪುಡಿ, ಕರಗಿಸುತ್ತೇನೆ. ಹಳೇ ಪಂಚೆ ಚೂರನ್ನು ಅದರಲ್ಲಿ ಅದ್ದಿ ನಲ್ಲಿಗೆ ಸುತ್ತಿ ಅರ್ಧ ಗಂಟೆ ಬಿಡುತ್ತೇನೆ. ಬಿಚ್ಚಿದಾಗ ಕರೆ ಮೆತ್ತಗಾಗಿ ಸಣ್ಣ ಮರಳಿನ ಹಾಗೆ ಕೈಗೆ ಸಿಗುತ್ತದೆ. ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ, ನೀರು ಹಾಕಿ, ಒಣ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ತುಂಬಾ ಹೊತ್ತು ಬಿಟ್ಟರೆ ಕ್ರೋಮ್ ಪಾಲಿಶ್ ಮಂಕಾಗುತ್ತದೆ. ಅಡುಗೆಮನೆ ಜಿಡ್ಡಿಗೆ ಬಿಸಿ ನೀರಿಗೊಂದು ಚಮಚ ವಾಷಿಂಗ್ ಸೋಡಾ (ಅಡುಗೆ ಸೋಡಾ ಅಲ್ಲ) ಸಾಕು. ಕೈಗೆ ಗ್ಲೌಸ್ ಇರಲಿ. ಅಲ್ಯೂಮಿನಿಯಂ ಪಾತ್ರೆಗೆ ಮಾತ್ರ ಬೇಡ, ಕಪ್ಪಾಗುತ್ತದೆ.

ಪಾತ್ರೆಗೆ ಅಂಟವಾಳದ ಕಾಯಿ, ಅಂದರೆ ಸೋಪ್‌ನಟ್. ಮೈಸೂರಿಗೆ ಹೋದಾಗ ದೇವರಾಜ ಮಾರ್ಕೆಟ್ ಹತ್ತಿರದ ಗ್ರಂಧಿಗೆ ಅಂಗಡಿಯಿಂದ ತರುತ್ತೇನೆ. ಬೀಜ ತೆಗೆದ ಸಿಪ್ಪೆಯೇ ತೊಗೊಳ್ಳಿ, ಇಲ್ಲದಿದ್ದರೆ ತೂಕದಲ್ಲಿ ಅರ್ಧ ಬೀಜವೇ ಇರುತ್ತದೆ. ಒಂದು ಹಿಡಿ ಸಿಪ್ಪೆಯನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಕುದಿಸುತ್ತೇನೆ. ಪಕ್ಕದಲ್ಲೇ ನಿಂತಿರಬೇಕು, ಹಾಲಿಗಿಂತ ಬೇಗ ಉಕ್ಕುತ್ತದೆ. ಆರಿದ ಮೇಲೆ ಕೈಯಲ್ಲಿ ಹಿಸುಕಿದರೆ ಸಿಪ್ಪೆ ಲೋಳೆಯಾಗಿ, ಬೆರಳ ನಡುವೆ ದಪ್ಪ ನೊರೆ ಬರುತ್ತದೆ. ಶೋಧಿಸಿದರೆ ಕಷಾಯದ ಬಣ್ಣ, ಹುಳಿ ವಾಸನೆ. ಹೊರಗಿಟ್ಟರೆ ಎರಡು ಮೂರು ದಿನಕ್ಕೆ ಕೆಡುತ್ತದೆ, ಫ್ರಿಜ್ಜಿನಲ್ಲಿಟ್ಟರೆ ವಾರದ ಮೇಲೂ ಬರುತ್ತದೆ. ಬಾಟಲಿ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಡಿ. ಕುಡಿಯೋ ಕಷಾಯಕ್ಕೂ ಇದಕ್ಕೂ ನೋಡಲು ವ್ಯತ್ಯಾಸ ಇಲ್ಲ.

ನೊರೆ ಬರಿಸುವುದು ಸಿಪ್ಪೆಯಲ್ಲಿರುವ ಸಪೋನಿನ್. ಗಿಡದ್ದು ಅಂದಮಾತ್ರಕ್ಕೆ ನಿರಪಾಯ ಅಂತಲ್ಲ. ಇದೇ ಕಾಯನ್ನು ಜಜ್ಜಿ ನೀರಿಗೆ ಹಾಕಿ ಮೀನಿಗೆ ಅಮಲು ಬರಿಸಿ ಹಿಡಿಯುವ ಪದ್ಧತಿ ಹಿಂದಿನಿಂದ ಇದೆ. ಕಣ್ಣಿಗೆ ಬಿದ್ದರೆ ಸೀಗೆಪುಡಿಯಷ್ಟೇ ಉರಿ.

"ನೊರೆನೇ ನಿಲ್ಲಲ್ವಲ್ಲಕ್ಕಾ, ಇದ್ರಲ್ಲಿ ಏನ್ ತೊಳೆಯೋದು?" ಅಂತ ನಮ್ಮ ಪಾತ್ರೆ ತೊಳೆಯುವ ಅಕ್ಕ ಮೊದಲು ಮುಖ ಸಿಂಡರಿಸಿದರು. ಗಡಸು ನೀರಿನಲ್ಲಿ ನೊರೆ ಕಮ್ಮಿ, ನಿಜ. ತಟ್ಟೆ ಲೋಟಕ್ಕೆ ಈಗ ಒಪ್ಪಿದ್ದಾರೆ. ದೋಸೆ ಹೆಂಚು, ಎಣ್ಣೆ ಬಾಣಲಿಗೆ ಇವತ್ತಿಗೂ ಒಪ್ಪಿಲ್ಲ. ಊರಿಂದ ಜರಡಿ ಹಿಡಿದ ಸೌದೆ ಒಲೆ ಬೂದಿ ತರುತ್ತಾರೆ, ತೆಂಗಿನ ನಾರಿನಲ್ಲಿ ಉಜ್ಜುತ್ತಾರೆ. ಅವರದ್ದೇ ಸರಿ. ಬೂದಿಯಲ್ಲಿರೋದೂ ಸೋಡಾದ ತರಹದ ಕ್ಷಾರವೇ ಅಲ್ವಾ?

ಇನ್ನು ಎಲ್ಲರೂ ಕೇಳುವ ಬಯೋ ಎಂಜೈಮ್, ಅಂದರೆ ಹಣ್ಣಿನ ಸಿಪ್ಪೆ ಹುದುಗಿಸಿ ಮಾಡುವ ತೊಳೆಯುವ ನೀರು. ಒಂದು ಭಾಗ ಬೆಲ್ಲ, ಮೂರು ಭಾಗ ನಿಂಬೆ ಕಿತ್ತಳೆ ಸಿಪ್ಪೆ, ಹತ್ತು ಭಾಗ ನೀರು, ಮೂರು ತಿಂಗಳು. ಮೊದಲ ತಿಂಗಳು ದಿನಾ ಮುಚ್ಚಳ ಸಡಿಲಿಸಿ ಗಾಳಿ ಬಿಡಬೇಕು. ಗಾಜಿನ ಬಾಟಲಿ ಬೇಡ, ಸಿಡಿದೀತು. ನಮ್ಮ ಜಿಲ್ಲೆಯಲ್ಲಿ ಬೆಲ್ಲಕ್ಕೇನು ಬರ. ಆಲೆಮನೆಯಲ್ಲಿ ಉಳಿಯುವ ಕಪ್ಪು ಬೆಲ್ಲದ ಚೂರು ತರಿಸುತ್ತೇನೆ. ತಿನ್ನುವ ಅಚ್ಚು ಬೆಲ್ಲವನ್ನು ನೆಲ ಒರೆಸಲು ಸುರಿಯೋಕೆ ಮನಸ್ಸು ಬರಲ್ಲ. ನೆಲಕ್ಕೆ, ಸಿಂಕಿಗೆ ಇದು ಚೆನ್ನಾಗಿದೆ. ಆದರೆ ಇದನ್ನು ಸರ್ವರೋಗಕ್ಕೂ ಸಂಜೀವಿನಿ ಅನ್ನುವವರ ಮಾತು ನಾನು ನಂಬಲ್ಲ. ಹುದುಗಿ ಬರೋದು ಮುಖ್ಯವಾಗಿ ಅಸಿಟಿಕ್ ಆಮ್ಲ, ಅಂದರೆ ತೆಳು ವಿನೆಗರ್. ಮೂರು ತಿಂಗಳು ಕಾಯೋ ತಾಳ್ಮೆ ಇಲ್ಲದವರು ನಿಂಬೆ ಉಪ್ಪಿನಲ್ಲೇ ಸುಖವಾಗಿರಬಹುದು.

ಹಿತ್ತಾಳೆ ದೀಪಕ್ಕೆ ಸಾರಿಗೆ ಹಿಂಡಿದ ಹುಣಸೆ ಹಿಪ್ಪೆ, ಚಿಟಿಕೆ ಉಪ್ಪು. ತೊಳೆದ ತಕ್ಷಣ ಒರೆಸದಿದ್ದರೆ ಮತ್ತೆ ಕಂದುತ್ತದೆ. ಆಯುಧ ಪೂಜೆ ಹಿಂದಿನ ದಿನ ಹಿಪ್ಪೆ ಸಾಲದೆ ಹೊಸ ಹುಣಸೆಹಣ್ಣೇ ನೆನೆಸಬೇಕಾಗುತ್ತದೆ.

ಹುಳಿ ತಾಗಿಸಬಾರದ ಜಾಗಗಳೂ ಇವೆ. ನನ್ನ ತವರುಮನೆ ಮೈಸೂರಿನ ಚಾಮುಂಡಿಪುರಂನಲ್ಲಿ, ಹಳೇ ರೆಡ್ ಆಕ್ಸೈಡ್ ನೆಲ. ಅದು ಸಿಮೆಂಟಿನದ್ದು, ಹುಳಿ ಅದರ ಹೊಳಪನ್ನೇ ತಿನ್ನುತ್ತದೆ. ಅಮ್ಮ ಬರೀ ನೀರಿನಲ್ಲಿ ಒರೆಸಿ, ಆಗಾಗ ಬಟ್ಟೆಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ತಿಕ್ಕುತ್ತಾರೆ. ಜಾರದ ಹಾಗೆ ಒಣ ಬಟ್ಟೆಯಲ್ಲಿ ಇನ್ನೊಮ್ಮೆ ಒರೆಸುವುದನ್ನು ಮರೆಯಲ್ಲ. ಮಾರ್ಬಲ್‌ಗೂ ಹುಳಿ ಬೇಡ.

ಟಾಯ್ಲೆಟ್‌ಗೆ ರಾತ್ರಿ ನಾಲ್ಕು ಚಮಚ ನಿಂಬೆ ಉಪ್ಪು ಉದುರಿಸಿ ಬೆಳಿಗ್ಗೆ ಉಜ್ಜುತ್ತೇನೆ. ಹಳೇ ಹಳದಿ ಕರೆಗೆ ಮತ್ತೆರಡು ರಾತ್ರಿ ಬೇಕಾಗಬಹುದು. ಮನೆಯಲ್ಲಿ ಯಾರಿಗಾದರೂ ವಾಂತಿ ಭೇದಿಯಾದರೆ ಮಾತ್ರ ಬ್ಲೀಚಿಂಗ್ ಪೌಡರ್ ಬಳಸುತ್ತೇನೆ. ರೋಗಾಣು ಕೊಲ್ಲಲು ಅಂಟವಾಳವನ್ನಾಗಲಿ ಎಂಜೈಮನ್ನಾಗಲಿ ನೆಚ್ಚಿಕೊಳ್ಳಲು ಆಗಲ್ಲ. ಬ್ಲೀಚಿಂಗ್ ಪೌಡರ್‌ಗೆ ಹುಳಿ ಸೇರಿದರೆ ಕ್ಲೋರಿನ್ ಗಾಳಿ ಏಳುತ್ತದೆ, ಶ್ವಾಸಕ್ಕೇ ಅಪಾಯ. ಅದಕ್ಕೇ ಆ ಡಬ್ಬಿ ಬಾತ್‌ರೂಂನಲ್ಲಿ ಇಲ್ಲ, ಹಿತ್ತಲ ಕಡೆಯ ಮೇಲಿನ ಶೆಲ್ಫಿನಲ್ಲಿದೆ.