ಮೊದಲು ನಿದ್ದೆ ಕೇಳಿ: ಮನೆಯವರನ್ನು ಮನಸ್ಸಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುವುದು ಹೇಗೆ

ಜೇವರ್ಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಾನು ಆಶಾ ಕಾರ್ಯಕರ್ತೆ. ಬಾಣಂತಿ, ಕೂಸು, ಲಸಿಕೆ, ಟಿಬಿ ಮಾತ್ರೆ ಅಂತ ಮನೆ ಮನೆ ತಿರುಗುವುದು ನನ್ನ ಕೆಲಸ. ತಿರುಗುವಾಗ ಜನ ತಮ್ಮ ಮನಸ್ಸಿನ ಕಷ್ಟವನ್ನೂ ಹೇಳಿಕೊಳ್ಳುತ್ತಾರೆ. ಆದರೆ ಅದನ್ನು ಮೈಯ ಕಷ್ಟ ಅಂತಲೇ ಹೇಳುತ್ತಾರೆ. "ಎದಿ ಡವಡವ ಅಂತದ ಅಕ್ಕ", "ಕೈಕಾಲು ಸೆಳಿತಾವ", "ತಲಿ ಜುಮ್ ಅಂತದ", "ಊಟ ಸೇರವಲ್ದು". ಡಾಕ್ಟರ್ ಹತ್ತಿರ ಹೋಗಿ ಸಲೈನ್ ಹಚ್ಚಿಸಿಕೊಂಡು ಬರುತ್ತಾರೆ. ಎರಡು ದಿನ ಆರಾಮ್, ಆಮೇಲೆ ಮತ್ತೆ ಅದೇ. ಇಸಿಜಿ ಸರಿ ಇದೆ, ರಕ್ತ ಸರಿ ಇದೆ, ಆದರೂ ಆ ಮನುಷ್ಯ ದಿನದಿಂದ ದಿನಕ್ಕೆ ಕರಗುತ್ತಿರುತ್ತಾನೆ.

ಮನೆಯಲ್ಲಿ ಇಂಥವರು ಇದ್ದು, ಎಲ್ಲಿಂದ ಶುರು ಮಾಡಬೇಕು ಅಂತ ತಿಳಿಯದೆ ಕೂತವರಿಗೆ ಇದನ್ನು ಬರೆಯುತ್ತಿದ್ದೇನೆ. ಆಸ್ಪತ್ರೆ ನಾವು ಅಂದುಕೊಂಡಷ್ಟು ದೂರ ಇಲ್ಲ. ಕಷ್ಟ ಇರುವುದು ಎರಡು ಕಡೆ: ಮೊದಲ ಮಾತು ತೆಗೆಯುವಾಗ, ಮತ್ತೆ ಆರಾಮ್ ಆದ ಮೇಲೆ ಮೂರನೇ ತಿಂಗಳ ಮಾತ್ರೆ ನುಂಗಿಸುವಾಗ.

ಮಾತು ತೆಗೆಯುವುದು

"ನಿನಗೆ ತಲಿ ಸರಿ ಇಲ್ಲ, ನಡಿ ಡಾಕ್ಟರ್ ಕಡೆ" ಅಂದರೆ ಯಾರೂ ಬರುವುದಿಲ್ಲ. ನೀವೂ ಬರುತ್ತಿರಲಿಲ್ಲ, ಅಲ್ವಾ? ರೋಗದ ಹೆಸರು ಹೇಳಬೇಡಿ. ನಿದ್ದೆಯ ಬಗ್ಗೆ ಕೇಳಿ. "ರಾತ್ರಿ ನಿದ್ದಿ ಹತ್ತತದೇನು? ಎಷ್ಟೊತ್ತಿಗೆ ಎಚ್ಚರ ಆಗ್ತದ?" ನಿದ್ದೆ ಬರುವುದಿಲ್ಲ ಅಂತ ಹೇಳಲು ಯಾರಿಗೂ ನಾಚಿಕೆ ಇಲ್ಲ. ಅಲ್ಲಿಂದ ಊಟಕ್ಕೆ ಬನ್ನಿ, ಆಮೇಲೆ ಕೆಲಸಕ್ಕೆ ಬನ್ನಿ. ಮೊದಲು ಖುಷಿ ಕೊಡುತ್ತಿದ್ದದ್ದು ಈಗ ಕೊಡುತ್ತಿದೆಯೋ ಇಲ್ಲವೋ ಕೇಳಿ. ಎರಡು ವಾರಕ್ಕಿಂತ ಜಾಸ್ತಿ ದಿನ ನಿದ್ದೆ, ಊಟ, ಕೆಲಸ ಮೂರೂ ಕೆಟ್ಟಿದ್ದರೆ ತೋರಿಸಲೇಬೇಕು.

ಎದುರು ಕೂತು ಕೇಳಬೇಡಿ, ಪೊಲೀಸ್ ವಿಚಾರಣೆ ಆದಂತೆ ಆಗುತ್ತೆ. ಕೈಗೆ ಕೆಲಸ ಇದ್ದಾಗ ಕೇಳಿ. ನಮ್ಮ ಓಣಿಯ ಒಬ್ಬ ತಾಯಿ ಮಾತಾಡಿದ್ದು ರೊಟ್ಟಿ ಬಡಿಯುವಾಗ. ನಾನು ಒಲೆಯ ಪಕ್ಕ ಕೂತಿದ್ದೆ. ಅವರು ನನ್ನ ಮುಖ ನೋಡಲಿಲ್ಲ, ಹಿಟ್ಟಿನ ಕಡೆಗೇ ನೋಡುತ್ತಾ ಹೇಳುತ್ತಾ ಹೋದರು. ತೊಗರಿ ನೆಟೆ ರೋಗಕ್ಕೆ ಒಣಗಿದ್ದು, ಫೈನಾನ್ಸಿನವರು ಬಾಗಿಲಿಗೆ ಬಂದದ್ದು, ಮಗ ಪುಣೆಗೆ ದುಡಿಯಲು ಹೋಗಿ ಫೋನ್ ಎತ್ತದೇ ಇದ್ದದ್ದು. ಹಂಚಿನ ಮೇಲಿನ ರೊಟ್ಟಿ ಕರ್ರಗಾಗಿ ಹೊಗೆ ಬಂದರೂ ಅವರಿಗೆ ಗೊತ್ತಾಗಲಿಲ್ಲ. ನಾನು ಸುಮ್ನೆ ಅದನ್ನು ತೆಗೆದು ಪಕ್ಕಕ್ಕೆ ಇಟ್ಟೆ. "ಎಲ್ಲಾರ್ದೂ ಹಂಗೇ ಅದ ಯವ್ವಾ, ಧೈರ್ಯ ತಗೋ" ಅಂತ ಆಗ ಹೇಳಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಧೈರ್ಯ ತಗೋ ಅನ್ನುವುದು ಒಳ್ಳೆಯ ಮನಸ್ಸಿನಿಂದಲೇ ಬರುತ್ತೆ, ನನಗೆ ಗೊತ್ತು. ಆದರೆ ಕೇಳುವವರಿಗೆ ಅದು "ಇನ್ನು ಹೇಳಬ್ಯಾಡ" ಅಂದಂತೆ. ಪೂರ್ತಿ ಕೇಳಿ. ಕೊನೆಗೆ, "ನಿದ್ದಿ ಸಲುವಾಗಿ ಒಮ್ಮೆ ತೋರ್ಸೋಣ, ನಾನೂ ಬರ್ತೀನಿ" ಅನ್ನಿ. "ನಾನೂ ಬರ್ತೀನಿ" ಅನ್ನುವ ಮಾತಿಗೆ ಬಹಳ ತೂಕ ಇದೆ.

ಗಂಡಸರು ಇಷ್ಟೂ ಹೇಳುವುದಿಲ್ಲ. ಅವರಲ್ಲಿ ಅದು ಸಿಟ್ಟಾಗಿ, ಕುಡಿತವಾಗಿ, ಯಾರ ಜೊತೆಗೂ ಕೂಡದೆ ಹೊಲದಲ್ಲೇ ಮಲಗುವುದಾಗಿ ಕಾಣುತ್ತೆ. ಅವರ ಹತ್ತಿರ ಅಣ್ಣತಮ್ಮಂದಿರೋ, ಸೋದರಮಾವನೋ, ಜೊತೆಗೆ ಓದಿದ ಗೆಳೆಯನೋ ಮಾತಾಡಿದರೆ ಒಳ್ಳೆಯದು.

ಬಾಣಂತಿಯರ ಮನೆಯವರಿಗೆ ಬೇರೆಯಾಗಿ ಹೇಳುತ್ತೇನೆ. ಹೆರಿಗೆ ಆದ ಮೊದಲ ವಾರದಲ್ಲಿ ಅಳು ಬರುವುದು ಬಹಳ ಜನಕ್ಕೆ ಇರುತ್ತೆ, ತಾನೇ ಹೋಗುತ್ತೆ. ಎರಡು ವಾರ ದಾಟಿದರೂ ಅಳು ನಿಲ್ಲದಿದ್ದರೆ, ಕೂಸನ್ನು ಎತ್ತಿಕೊಳ್ಳಲು ಮನಸ್ಸಿಲ್ಲದಿದ್ದರೆ ತೋರಿಸಿ. ಇಲ್ಲದ್ದು ಕಾಣುತ್ತೆ, ಯಾರೋ ಕೂಸಿಗೆ ಏನೋ ಮಾಡ್ತಾರೆ ಅಂತ ಹೇಳುತ್ತಿದ್ದರೆ ಒಂದು ದಿನವೂ ಕಾಯಬೇಡಿ, ತಾಯಿ ಕೂಸು ಇಬ್ಬರನ್ನೂ ಒಂಟಿ ಬಿಡಬೇಡಿ. "ಬಾಣಂತಿ ಗಾಳಿ" ಅಂತ ಬೇವಿನ ಸೊಪ್ಪು ಕಟ್ಟಿ ಕೂತರೆ ಹೊತ್ತು ಹೋಗುತ್ತೆ, ಅಷ್ಟೇ.

ದೇವರಿಗೆ ಹೋಗುವುದು

ನಮ್ಮ ಕಡೆ ಮೊದಲು ಹೋಗುವುದೇ ದೇವರಿಗೆ. ಗಾಣಗಾಪುರಕ್ಕೆ ಹೋಗುತ್ತಾರೆ, ಬಂದೇನವಾಜ್ ದರ್ಗಾಕ್ಕೆ ಹೋಗುತ್ತಾರೆ, ಶರಣಬಸಪ್ಪನ ಗುಡಿಗೆ ಹೋಗುತ್ತಾರೆ. ಗಾಣಗಾಪುರದಲ್ಲಿ ಭೀಮಾ–ಅಮರ್ಜಾ ಸಂಗಮದಲ್ಲಿ ಸ್ನಾನ ಮಾಡಿಸಿ, ದತ್ತನ ಮಂಗಳಾರತಿ ಹೊತ್ತಿಗೆ ಮೈಮೇಲೆ ಗಾಳಿ ಬಂದವರನ್ನು ತಂದು ನಿಲ್ಲಿಸುವುದು ಎಷ್ಟೋ ಕಾಲದಿಂದ ನಡೆದು ಬಂದಿದೆ. ನಾನೂ ದೇವರಿಗೆ ನಡೆದುಕೊಳ್ಳುವವಳೇ. ಅಲ್ಲಿ ಹೋದಾಗ ಮನೆಮಂದಿ ಎಲ್ಲಾ ಒಬ್ಬ ಮನುಷ್ಯನ ಸಲುವಾಗಿ ಹೊರಡುತ್ತಾರೆ, ಅವನ ಜೊತೆ ಕೂತು ಊಟ ಮಾಡುತ್ತಾರೆ. ಅದರಿಂದ ಮನಸ್ಸು ಹಗುರ ಆಗುವುದು ಸುಳ್ಳಲ್ಲ. ಆದ್ದರಿಂದ "ಅದೆಲ್ಲಾ ಮೂಢನಂಬಿಕೆ" ಅಂತ ಅತ್ತೆಯ ಜೊತೆ ಜಗಳಕ್ಕೆ ನಿಲ್ಲಬೇಡಿ. ಜಗಳದಲ್ಲಿ ಗೆದ್ದರೂ ಪೇಶೆಂಟ್ ಮನೆಯಲ್ಲೇ ಉಳಿಯುತ್ತಾನೆ. "ದೇವರಿಗೂ ಹೋಗೋಣ ಅತ್ತಿ, ದವಾಖಾನಿಗೂ ಹೋಗೋಣ" ಅನ್ನಿ. ತಾಯತ ಕೈಯಲ್ಲಿರಲಿ, ಮಾತ್ರೆ ಹೊಟ್ಟೆಗೆ ಹೋಗಲಿ.

ಆದರೆ ಎರಡು ವಿಷಯದಲ್ಲಿ ನಾನು ಸಡಿಲ ಬಿಡುವುದಿಲ್ಲ. ಉಪವಾಸ, ಹರಕೆ ಅಂತ ಮಾತ್ರೆ ಬಿಡಿಸಬಾರದು. ಮತ್ತೆ, ಹೊಡೆಯುವುದು, ಸರಪಳಿ ಹಾಕುವುದು, ಮೆಣಸಿನಕಾಯಿ ಹೊಗೆ ಹಾಕುವುದು ಯಾರೇ ಮಾಡಿದರೂ ಆ ಕ್ಷಣವೇ ಅಲ್ಲಿಂದ ಕರೆತನ್ನಿ. ತಮಿಳುನಾಡಿನ ಏರ್ವಾಡಿಯಲ್ಲಿ ಮನೋರೋಗಿಗಳನ್ನು ಇಟ್ಟಿದ್ದ ಒಂದು ಆಶ್ರಯಕ್ಕೆ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ಜನ ಓಡಲು ಆಗದೆ ಸತ್ತರು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ ಪ್ರಕಾರ ಪೇಶೆಂಟನ್ನು ಸರಪಳಿಯಲ್ಲಿ ಕಟ್ಟುವ ಹಾಗೇ ಇಲ್ಲ. ದೆವ್ವ ಬಿಡಿಸುವ ಹೆಸರಲ್ಲಿ ಹಿಂಸೆ ಕೊಡುವುದರ ವಿರುದ್ಧ ನಮ್ಮ ರಾಜ್ಯದಲ್ಲೂ 2017ರ ಕಾಯ್ದೆ ಇದೆ, 2020ರಿಂದ ಜಾರಿಯಲ್ಲಿದೆ.

ಎಲ್ಲಿಗೆ ಹೋಗಬೇಕು

ಮನೆಯಿಂದ ಹೊರಡುವ ಮೊದಲೇ ಫೋನ್ ಮಾಡಬಹುದು. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ, ನಂಬರ್ 14416. ಅದು ಹತ್ತದಿದ್ದರೆ 1800-891-4416. ಹಗಲು ರಾತ್ರಿ ಇರುತ್ತೆ, ದುಡ್ಡಿಲ್ಲ. 2022ರ ಅಕ್ಟೋಬರ್ 10ರಂದು ಶುರುವಾಯಿತು. ಕನ್ನಡದಲ್ಲಿ ಮಾತಾಡುತ್ತಾರೆ. ಬೀದರ್ ಕಡೆ ಮನೆಯಲ್ಲಿ ಮರಾಠಿ ಆಡುವವರಿಗೆ, ಯಾದಗಿರಿ ಗಡಿಯಲ್ಲಿ ತೆಲುಗು ಆಡುವವರಿಗೆ ಆ ಭಾಷೆಗಳೂ ಇವೆ. ಮೊದಲು ಕೌನ್ಸೆಲರ್ ಮಾತಾಡುತ್ತಾರೆ, ಬೇಕಾದರೆ ಡಾಕ್ಟರಿಗೆ ಕೊಡುತ್ತಾರೆ. ಪೇಶೆಂಟೇ ಮಾತಾಡಬೇಕು ಅಂತ ಇಲ್ಲ, ಮನೆಯವರೂ ಕೇಳಬಹುದು.

ಇನ್ನು ಡಾಕ್ಟರ್. ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಗಳಿವೆ: ಕಲಬುರಗಿಯವರಿಗೆ ಸೇಡಂ ರಸ್ತೆಯ ಜಿಮ್ಸ್, ಬೀದರಿನವರಿಗೆ ಬ್ರಿಮ್ಸ್, ಯಾದಗಿರಿಯವರಿಗೆ ಯಿಮ್ಸ್. ಒಪಿಡಿ ಚೀಟಿ ಮಾಡಿಸುವಾಗ "ಮನೋರೋಗ ವಿಭಾಗ" ಅನ್ನಿ. ಜೋರಾಗಿ ಹೇಳಲು ಸಂಕೋಚ ಆದರೆ "ಸೈಕಿಯಾಟ್ರಿ" ಅನ್ನಿ, ಸಾಲಿನಲ್ಲಿ ನಿಂತವರು ತಿರುಗಿ ನೋಡುವುದಿಲ್ಲ. ತಾಲ್ಲೂಕು ಆಸ್ಪತ್ರೆಗೂ ಮನಸ್ಸಿನ ಡಾಕ್ಟರ್ ಬರುವ ವ್ಯವಸ್ಥೆ ಇದೆ. ಮನೋಚೈತನ್ಯ ಅಂತ ಅದರ ಹೆಸರು, ಮಂಗಳವಾರದ ಕ್ಲಿನಿಕ್. ಹೊರಡುವ ಮುಂಚೆ ನಿಮ್ಮೂರಿನ ಆಶಾ ಅಥವಾ ಆರೋಗ್ಯ ಮಂದಿರದ ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ) ಹತ್ತಿರ, ಈ ಮಂಗಳವಾರ ಡಾಕ್ಟರ್ ಬರುತ್ತಾರಾ ಅಂತ ಕೇಳಿಕೊಳ್ಳಿ. ಒಂದು ದಿನದ ಕೂಲಿ ಬಿಟ್ಟು ಹೋದವರು ಬರಿಗೈಲಿ ಬಂದರೆ ಎರಡನೇ ಸಲ ಹೊರಡುವುದಿಲ್ಲ. ಬಸ್ಸಿನ ಖರ್ಚು ಹೆಣ್ಣುಮಕ್ಕಳಿಗೆ ಇಲ್ಲ, ಶಕ್ತಿ ಯೋಜನೆ ಇದೆ, ಆಧಾರ್ ಕಾರ್ಡ್ ಇಟ್ಟುಕೊಳ್ಳಿ.

ಹೋಗುವ ಹಿಂದಿನ ರಾತ್ರಿ ಒಂದು ಹಾಳೆಯಲ್ಲಿ ಬರೆಯಿರಿ. ಯಾವಾಗಿಂದ ಶುರು, ನಿದ್ದೆ ಎಷ್ಟು ತಾಸು, ಮೊದಲು ಹೀಗೆ ಆಗಿತ್ತಾ, ಮನೆತನದಲ್ಲಿ ಬೇರೆ ಯಾರಿಗಾದರೂ ಇತ್ತಾ, ಕುಡಿತ ಇದೆಯಾ, ಬಿಪಿ ಶುಗರ್ ಮಾತ್ರೆ ಯಾವುದು. ನಾಟಿ ಔಷಧ ತಗೊಂಡಿದ್ದರೆ ಅದನ್ನೂ ಮುಚ್ಚಿಡದೆ ಬರೆಯಿರಿ. ಒಪಿಡಿಯಲ್ಲಿ ಮಂದಿ ಜಾಸ್ತಿ, ಡಾಕ್ಟರಿಗೆ ಸಿಗುವ ಹೊತ್ತು ಕಡಿಮೆ. ಆ ಹಾಳೆ ಕೈಯಲ್ಲಿ ಇದ್ದರೆ ಅರ್ಧ ಕೆಲಸ ಆದಂತೆ. ಪೇಶೆಂಟ್ ಒಬ್ಬರೇ ಡಾಕ್ಟರ್ ಜೊತೆ ಮಾತಾಡಲು ಐದು ನಿಮಿಷ ಬಿಡಿ. ಸೊಸೆಯ ಕಷ್ಟವನ್ನು ಅತ್ತೆಯ ಮುಂದೆ ಕೇಳಿದರೆ ಸೊಸೆ ಏನು ಹೇಳಿಯಾಳು?

ಮಾತ್ರೆ

"ಆ ಮಾತ್ರಿ ಚಾಲೂ ಮಾಡಿದ್ರ ಬಿಡಲಿಕ್ಕಾಗಲ್ಲ, ಬರೇ ನಿದ್ದಿ ಗುಳಿಗಿ." ಇದನ್ನು ಕೇಳದ ಊರಿಲ್ಲ. ಖಿನ್ನತೆಯ ಮಾತ್ರೆ ಚಟ ಹತ್ತಿಸುವಂಥದ್ದಲ್ಲ. ನಿದ್ದೆ ಮಾತ್ರೆಯಲ್ಲಿ ಕೆಲವು ಚಟ ಹತ್ತಿಸುತ್ತವೆ, ಅದಕ್ಕೇ ಡಾಕ್ಟರ್ ಅವನ್ನು ಸ್ವಲ್ಪ ದಿನಕ್ಕೆ ಮಾತ್ರ ಬರೆಯುತ್ತಾರೆ. ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ಅದನ್ನೇ ಮತ್ತೆ ಮತ್ತೆ ತರಬೇಡಿ.

ಖಿನ್ನತೆಯ ಮಾತ್ರೆ ಕೆಲಸ ಮಾಡಲು ಎರಡರಿಂದ ನಾಲ್ಕು ವಾರ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಮೊದಲ ವಾರದಲ್ಲಿ ಬಾಯಿ ಒಣಗುವುದು, ಹೊಟ್ಟೆ ತೊಳೆಸುವುದು, ಮಂಪರು ಇವು ಮೊದಲು ಬರುತ್ತವೆ. ಗುಣ ಆಮೇಲೆ ಬರುತ್ತೆ. ಬಹಳ ಜನ ಬಿಡುವುದು ಈ ಮೊದಲ ವಾರದಲ್ಲೇ. ಎರಡನೇ ಸಲ ಬಿಡುವುದು ಆರಾಮ್ ಆದಾಗ. "ಈಗ ಚಲೋ ಅದೀನಲ್ಲ, ಇನ್ಯಾಕ?" ಅಂತ. ಗುಣ ಕಂಡ ಮೇಲೂ ಆರು ತಿಂಗಳೋ ಅದಕ್ಕಿಂತ ಜಾಸ್ತಿಯೋ ಮಾತ್ರೆ ಮುಂದುವರಿಸಬೇಕಾಗುತ್ತೆ. ಬಿಡುವಾಗ ಡಾಕ್ಟರ್ ಹೇಳಿದಂತೆ ಸ್ವಲ್ಪ ಸ್ವಲ್ಪ ಕಡಿಮೆ ಮಾಡುತ್ತಾ ಬಿಡಬೇಕು. ಟಿಬಿ ಮಾತ್ರೆಯನ್ನು ಕೆಮ್ಮು ನಿಂತ ಕೂಡಲೇ ಬಿಡುತ್ತೇವಾ? ನಾನು ಮನೆ ಮನೆಯಲ್ಲಿ ಹೀಗೇ ಕೇಳುತ್ತೇನೆ, ಜನಕ್ಕೆ ತಕ್ಷಣ ಅರ್ಥ ಆಗುತ್ತೆ. ಗೋಡೆಯ ಕ್ಯಾಲೆಂಡರಿನಲ್ಲಿ ಮಾತ್ರೆ ನುಂಗಿದ ದಿನಕ್ಕೆ ಗೆರೆ ಎಳೆಯಲು ಶಾಲೆಗೆ ಹೋಗುವ ಮಗುವಿಗೆ ಹೇಳಿ. ಮಕ್ಕಳು ಒಂದು ದಿನವೂ ತಪ್ಪಿಸುವುದಿಲ್ಲ.

ಮನಸ್ಸಿನ ವಿಪರೀತ ಏರಿಳಿತಕ್ಕೆ ಕೊಡುವ ಲಿಥಿಯಂ ಮಾತ್ರೆ ತಗೊಳ್ಳುವವರು ನಮ್ಮ ಬೇಸಿಗೆಯಲ್ಲಿ ಬಹಳ ಎಚ್ಚರ ಇರಬೇಕು. ಕಲಬುರಗಿ ಬಿಸಿಲು 42 ಡಿಗ್ರಿ ದಾಟುತ್ತೆ. ಬೆವರು ಹೋಗಿ ಮೈಯಲ್ಲಿ ನೀರು ಕಡಿಮೆ ಆದರೆ ಆ ಔಷಧ ರಕ್ತದಲ್ಲಿ ಏರಿ ವಿಷ ಆಗಬಹುದು. ನೀರು, ಮಜ್ಜಿಗೆ ಚೆನ್ನಾಗಿ ಕುಡಿಯಬೇಕು, ಉಪ್ಪು ಒಮ್ಮೆಲೇ ಬಿಡಬಾರದು. ವಾಂತಿ ಭೇದಿ ಆದರೆ, ಕೈ ಜೋರಾಗಿ ನಡುಗಿದರೆ, ನಡಿಗೆ ತಪ್ಪಿದರೆ ಆವತ್ತೇ ಆಸ್ಪತ್ರೆಗೆ ಹೋಗಿ. ಡಾಕ್ಟರ್ ಹೇಳಿದಾಗ ರಕ್ತ ಪರೀಕ್ಷೆ ತಪ್ಪಿಸಬೇಡಿ.

ದಿನಾ ಜಾಸ್ತಿ ಕುಡಿಯುವವರನ್ನು ಮನೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಬೇಡಿ. ಎರಡು ಮೂರು ದಿನದಲ್ಲಿ ನಡುಕ, ಫಿಟ್ಸ್, ಭ್ರಮೆ ಬಂದು ಜೀವಕ್ಕೇ ಕುತ್ತಾಗಬಹುದು. ಸಾರಿನಲ್ಲಿ ಗೊತ್ತಾಗದಂತೆ ಕುಡಿತ ಬಿಡಿಸುವ ಪುಡಿ ಹಾಕುವುದೂ ಅಪಾಯ. ಇದೇ ಮನೋರೋಗ ವಿಭಾಗದಲ್ಲಿ ಕುಡಿತಕ್ಕೂ ಚಿಕಿತ್ಸೆ ಇದೆ.

ಸಾಯುವ ಮಾತು ಬಂದರೆ

"ನಾ ಇರಬಾರ್ದಿತ್ತು", "ಎಲ್ಲಾ ಸಾಕಾಗ್ಯಾದ" ಅಂದರೆ ನೇರವಾಗಿ ಕೇಳಿ: "ಜೀವ ತಕ್ಕೋಬೇಕು ಅನಸ್ತದೇನು?" ಕೇಳಿದರೆ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಕೇಳಿದ್ದಕ್ಕೆ ಎಷ್ಟೋ ಜನ ಅತ್ತು ಹಗುರ ಆಗಿದ್ದಾರೆ. ಹೌದು ಅಂದರೆ ಒಂಟಿ ಬಿಡಬೇಡಿ, ಬೈಯಬೇಡಿ, ಮಕ್ಕಳ ಮೇಲೆ ಆಣೆ ಹಾಕಿಸಬೇಡಿ. ಆವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ, ದಾರಿ ತೋಚದಿದ್ದರೆ 14416ಕ್ಕೆ ಫೋನ್ ಮಾಡಿ.

ತೊಗರಿಗೆ, ಹತ್ತಿಗೆ ಹೊಡೆಯುವ ಎಣ್ಣೆ, ಅಂದರೆ ಕೀಟನಾಶಕ, ಮನೆಯ ಮಾಡದಲ್ಲಿ, ಮಂಚದ ಕೆಳಗೆ ಇರುವುದನ್ನು ನಾನು ಮನೆ ಮನೆಯಲ್ಲಿ ನೋಡುತ್ತೇನೆ. ದಯವಿಟ್ಟು ಇವತ್ತೇ ತೆಗೆಯಿರಿ. ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟು ಕೀಲಿ ಬೇರೆ ಮನೆಯಲ್ಲಿ ಕೊಡಿ. ಬೇಕಾದಷ್ಟೇ ತನ್ನಿ, ಉಳಿಸಬೇಡಿ. ಆ ಯೋಚನೆ ಬಹಳ ಜನಕ್ಕೆ ಜೋರಾಗಿ ಬಂದು ಸ್ವಲ್ಪ ಹೊತ್ತಿಗೆ ಇಳಿಯುತ್ತೆ. ಆ ಹೊತ್ತಿನಲ್ಲಿ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತೆ. ಕುಡಿದೇ ಬಿಟ್ಟಿದ್ದರೆ 108ಕ್ಕೆ ಫೋನ್ ಮಾಡಿ, ಡಬ್ಬಿಯನ್ನೂ ಆಸ್ಪತ್ರೆಗೆ ತಗೊಂಡು ಹೋಗಿ, ಬಲವಂತವಾಗಿ ವಾಂತಿ ಮಾಡಿಸಬೇಡಿ. ಕೇಸ್ ಆಗುತ್ತೆ ಅಂತ ಹೆದರಿ ತಡ ಮಾಡಬೇಡಿ. 2017ರ ಅದೇ ಕಾಯ್ದೆ, ಹಾಗೆ ಮಾಡಿಕೊಂಡವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ನೋಡುತ್ತೆ. ಶಿಕ್ಷೆಯಲ್ಲ, ಆರೈಕೆ ಕೊಡುವುದು ಸರ್ಕಾರದ ಹೊಣೆ ಅನ್ನುತ್ತೆ.

ಮದುವೆ, ಮತ್ತೆ ನೋಡಿಕೊಳ್ಳುವವರು

"ಲಗ್ನ ಮಾಡಿದ್ರ ಸರಿ ಹೋಗ್ತಾನ" ಅನ್ನುವ ಹಿರಿಯರಿಗೆ ಕೈಮುಗಿದು ಹೇಳುತ್ತೇನೆ, ಮದುವೆ ಔಷಧ ಅಲ್ಲ. ಗುಣ ಆದವರು ಮದುವೆ ಆಗಬಹುದು, ಸಂಸಾರ ಮಾಡಬಹುದು, ಮಾಡುತ್ತಲೂ ಇದ್ದಾರೆ. ಆದರೆ ಮುಚ್ಚಿಟ್ಟು ಮಾಡಿದರೆ ಮಾತ್ರೆಯನ್ನೂ ಕದ್ದು ನುಂಗಬೇಕಾಗುತ್ತೆ. ಕೊನೆಗೆ ಬಿಟ್ಟೇ ಬಿಡುತ್ತಾರೆ, ರೋಗ ತಿರುಗಿ ಬರುತ್ತೆ, ಬೇರೆ ಮನೆಯ ಒಂದು ಹೆಣ್ಣುಮಗಳ ಬಾಳೂ ಅದರಲ್ಲಿ ಸಿಕ್ಕಿಕೊಳ್ಳುತ್ತೆ.

ವರ್ಷಗಟ್ಟಲೆ ಉಳಿಯುವ ಕಾಯಿಲೆ ಆದರೆ ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿ) ಅರ್ಜಿ ಹಾಕಿ. 2016ರ ಅಂಗವಿಕಲರ ಹಕ್ಕು ಕಾಯ್ದೆಯ 21 ವಿಧದಲ್ಲಿ ಮಾನಸಿಕ ಅಸ್ವಸ್ಥತೆಯೂ ಇದೆ. ಹಳೇ ಚೀಟಿ, ರಿಪೋರ್ಟ್ ಒಂದನ್ನೂ ಎಸೆಯಬೇಡಿ, ಅಲ್ಲಿ ಕೇಳುತ್ತಾರೆ.

ಪೇಶೆಂಟನ್ನು ನೋಡಿಕೊಳ್ಳುವ ಭಾರ ಹೆಚ್ಚಾಗಿ ಒಬ್ಬ ಹೆಂಗಸಿನ ಮೇಲೆ ಬೀಳುತ್ತೆ. ತಾಯಿ, ಇಲ್ಲಾ ಹೆಂಡತಿ. ಅವರ ನಿದ್ದೆಯನ್ನು ಯಾರೂ ಕೇಳುವುದಿಲ್ಲ. ವಾರಕ್ಕೆ ಎರಡು ರಾತ್ರಿಯಾದರೂ ಬೇರೆ ಯಾರಾದರೂ ಪೇಶೆಂಟ್ ಹತ್ತಿರ ಮಲಗಲಿ ಅಂತ ಮನೆಯಲ್ಲಿ ಮಾತಾಡಿ ಗೊತ್ತು ಮಾಡಿಕೊಳ್ಳಿ. ಆಸ್ಪತ್ರೆಗೆ ಒಂದು ತಿಂಗಳು ತಮ್ಮ, ಒಂದು ತಿಂಗಳು ಮಗಳು ಅಂತ ಹಂಚಿಕೊಳ್ಳಿ. ಆ ತಾಯಂದಿರಿಗೂ ಒಂದು ಮಾತು: 14416ಕ್ಕೆ ನಿಮ್ಮ ಸಲುವಾಗಿಯೇ ಫೋನ್ ಮಾಡಬಹುದು, ಪೇಶೆಂಟ್ ಹೆಸರು ಹೇಳುವ ಅಗತ್ಯವೇ ಇಲ್ಲ.