ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ದೂರ, ಎಷ್ಟು ಹೊತ್ತು: ನಾನು ಲೆಕ್ಕ ಹಾಕಿದ ಬಗೆ

ಸ್ಯಾನ್ ಫ್ರಾನ್ಸಿಸ್ಕೋದಲ್ಲಿರುವ ತಮ್ಮನ ಮನೆಗೆ ಜನವರಿಯಲ್ಲಿ ಅಮ್ಮನನ್ನು ಕರೆದೊಯ್ಯುವುದೆಂದು ನಿಶ್ಚಯವಾದಾಗ, ಟಿಕೆಟ್ಟಿನ ದರಕ್ಕಿಂತ ಮೊದಲು ನನಗೆ ತಿಳಿಯಬೇಕಾಗಿದ್ದದ್ದು ಅವರು ಎಷ್ಟು ಗಂಟೆ ಕುಳಿತಿರಬೇಕು ಎಂಬುದು. ಮಂಡಿನೋವಿರುವ, ಬೆಳಿಗ್ಗೆ 8ಕ್ಕೂ ರಾತ್ರಿ 8ಕ್ಕೂ ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರಿಗೆ ‘ಸುಮಾರು ಒಂದು ದಿನ’ ಎಂಬ ಉತ್ತರ ಸಾಲದು.

ದೂರವನ್ನು ಮನೆಯಲ್ಲಿದ್ದ ಗ್ಲೋಬಿನ ಮೇಲೆಯೇ ಅಳೆದೆ. ಹೂ ಕಟ್ಟುವ ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲಿಟ್ಟು ಬಿಗಿಯಾಗಿ ಎಳೆದಾಗ, ಅದು ನಕ್ಷೆ ನೋಡಿ ನಾನು ಊಹಿಸಿದ್ದಂತೆ ಅಟ್ಲಾಂಟಿಕ್ ಸಾಗರದತ್ತ ಹೋಗದೆ, ನೇಪಾಳ, ಟಿಬೆಟ್, ಸೈಬೀರಿಯಾಗಳನ್ನು ಹಾದು ಅಲಾಸ್ಕಾದ ಮೇಲಿಂದ ಕ್ಯಾಲಿಫೋರ್ನಿಯಾಕ್ಕೆ ಇಳಿಯಿತು. ಗ್ಲೋಬಿನ ವ್ಯಾಸ 30 ಸೆಂ.ಮೀ.; ಅದರ ಸಮಭಾಜಕ ವೃತ್ತ ಸುಮಾರು 94 ಸೆಂ.ಮೀ., ಭೂಮಿಯದು 40,075 ಕಿ.ಮೀ. ಅಂದರೆ ದಾರದ ಒಂದೊಂದು ಸೆಂಟಿಮೀಟರಿಗೂ 425 ಕಿ.ಮೀ. ದಾರ 33 ಸೆಂ.ಮೀ. ಬಂದಿತು: 14,000 ಕಿ.ಮೀ. ಅಕ್ಷಾಂಶ, ರೇಖಾಂಶಗಳನ್ನು ಹಿಡಿದು ಸೂತ್ರದಿಂದ ತಾಳೆ ನೋಡಿದಾಗಲೂ 13,990ರ ಆಸುಪಾಸಿನಲ್ಲೇ ನಿಂತಿತು.

ವಿಮಾನಗಳು ದಾರದಂತೆ ಹಾರುವುದಿಲ್ಲ. ಒಳಗಿನ ಗಾಳಿಯ ಒತ್ತಡ ಕುಸಿದರೆ ವಿಮಾನ ಸುಮಾರು 10,000 ಅಡಿಗೆ ಇಳಿಯಬೇಕು. ಟಿಬೆಟ್ಟಿನ ನೆಲವೇ ಅದಕ್ಕಿಂತ ಎತ್ತರವಾದ್ದರಿಂದ ಆ ಭಾಗವನ್ನು ಸಾಮಾನ್ಯವಾಗಿ ಬಿಟ್ಟು ಸುತ್ತಿಕೊಂಡು ಹೋಗುತ್ತಾರೆ. ಏರ್ ಇಂಡಿಯಾ 2021ರ ಜನವರಿಯಲ್ಲಿ ಈ ಎರಡು ನಗರಗಳ ನಡುವೆ ಆರಂಭಿಸಿದ ನೇರ ಹಾರಾಟಕ್ಕೆ ಹದಿನೇಳು ಗಂಟೆಯಷ್ಟು ಹಿಡಿಯುತ್ತಿತ್ತು. ಅಷ್ಟು ಹೊತ್ತು ಒಂದೇ ಸಮನೆ ಕೂರುವುದು ಅಮ್ಮನ ಮಂಡಿಗೆ ಆಗದ ಮಾತು ಎನ್ನಿಸಿ, ಮಧ್ಯೆ ಒಂದು ನಿಲುಗಡೆಯಿರುವ ಟಿಕೆಟ್ಟನ್ನೇ ಆರಿಸಿದೆ.

ಆ ಟಿಕೆಟ್ಟಿನಲ್ಲಿ ಬೆಂಗಳೂರು ಬಿಡುವುದು ಬೆಳಗಿನ ಜಾವ 3:00, ತಲುಪುವುದು ಅದೇ ದಿನ ಮಧ್ಯಾಹ್ನ 1:00 ಎಂದಿತ್ತು. ಎರಡೂ ಆಯಾ ಊರಿನ ಸಮಯ. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಮಗಿಂತ 13 ಗಂಟೆ 30 ನಿಮಿಷ ಹಿಂದಿರುತ್ತದೆ, ಬೇಸಿಗೆಯಲ್ಲಿ 12 ಗಂಟೆ 30 ನಿಮಿಷ. ತಲುಪುವ ಹೊತ್ತನ್ನು ನಮ್ಮ ಸಮಯಕ್ಕೆ ತಂದರೆ ಮರುದಿನ ಬೆಳಗಿನ ಜಾವ 2:30. ಆದ್ದರಿಂದ ಪ್ರಯಾಣ 23 ಗಂಟೆ 30 ನಿಮಿಷ. ಬಸವನಗುಡಿಯಿಂದ ಹೆಬ್ಬಾಳ ದಾಟಿ ದೇವನಹಳ್ಳಿ ಮುಟ್ಟಿ, ಮೂರು ಗಂಟೆ ಮೊದಲೇ ಸಾಲಿನಲ್ಲಿ ನಿಲ್ಲಬೇಕಾದ್ದರಿಂದ ರಾತ್ರಿ 10ಕ್ಕೇ ಮನೆ ಬಿಡುವುದೆಂದು ಐದು ಗಂಟೆ ಸೇರಿಸಿದೆ. ಅಲ್ಲಿಯ ವಲಸೆ ತಪಾಸಣೆಗೂ ಕಾರಿಗೂ ಎರಡು. ಬಾಗಿಲಿನಿಂದ ಬಾಗಿಲಿಗೆ ಮೂವತ್ತು ಗಂಟೆ ಮೂವತ್ತು ನಿಮಿಷ.

ವೈದ್ಯರನ್ನು ಕೇಳಿಕೊಂಡು, ಆ ಒಂದು ದಿನದ ಮಟ್ಟಿಗೆ ಮಾತ್ರೆಯನ್ನು ಭಾರತದ ಸಮಯದಂತೆಯೇ ಕೊಡುವುದೆಂದು ತೀರ್ಮಾನಿಸಿದೆವು. ಅಮ್ಮನ ಎಚ್‌ಎಂಟಿ ಗಡಿಯಾರದ ಮುಳ್ಳನ್ನು ದಾರಿಯುದ್ದಕ್ಕೂ ತಿರುಗಿಸಲಿಲ್ಲ. ವಿಮಾನ ಹೊರಟ ಐದನೆಯ ಗಂಟೆಗೆ ಒಂದು, ಹದಿನೇಳನೆಯ ಗಂಟೆಗೆ ಇನ್ನೊಂದು ಮಾತ್ರೆ ಆಯಿತು. ಮೂರನೆಯದನ್ನು ಅಲ್ಲಿಯ ಸಂಜೆ 6:30ಕ್ಕೆ, ತಮ್ಮನ ಅಡುಗೆಮನೆಯಲ್ಲಿ, ಬಿಸಿ ಅನ್ನ ಸಾರಿನ ಜೊತೆಗೆ ತೆಗೆದುಕೊಂಡರು.